ಗಾಜಿನ ಹಗ್ಗದ ಮೇಲೆ ಅಪ್ಪನ ಧೋತರ

ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಗಾಜಿನದು. ನಂಬಿಕೆ ಬಾರದಿದ್ದರೆ ಬೇವೂರಿನ ಕಡೆ ಬಂದಾಗ ನಮ್ಮ ಊರಿಗೂ ಒಮ್ಮೆ ಬನ್ನಿ, ತೋರಿಸುತ್ತೇನೆ. ಹೊರಗೆ ಕಪ್ಪು ಪ್ಲಾಸ್ಟಿಕ್ಕಿನ ಹೊದಿಕೆ, ಒಳಗೆ ಬಿಗಿಗೆಂದು ಉಕ್ಕಿನ ಎಳೆ, ಅದರ ಪಕ್ಕದಲ್ಲಿ ಕೂದಲಿನಷ್ಟು ಸಪೂರವಾದ ಗಾಜಿನ ಎಳೆ. ಬೇವಿನ ಮರದಿಂದ ಬಚ್ಚಲ ಗೋಡೆಯ ಗೂಟದವರೆಗೆ ಅದನ್ನು ಎಳೆದು ಕಟ್ಟಿದ್ದೇವೆ. ನೆನೆದ ಕೌದಿ ಹಾಕಿದರೂ ಜಗ್ಗುವುದಿಲ್ಲ, ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುವುದಿಲ್ಲ.

"ನೆಟ್ಟಿನಿಂದ ಏನ್ ಲಾಭ ಆತು ಅಂತ ಯಾರರ ಕೇಳಿದ್ರ ಇದನ್ನ ತೋರಸ್ತೀನಿ ನೋಡು," ಎನ್ನುತ್ತಾಳೆ ಅವ್ವ. ಬಟ್ಟೆ ಹಿಂಡುತ್ತಾ ಹೇಳುವುದರಿಂದ ಅವಳು ತಮಾಷೆ ಮಾಡುತ್ತಿದ್ದಾಳೋ ನಿಜ ಹೇಳುತ್ತಿದ್ದಾಳೋ ಗೊತ್ತಾಗುವುದಿಲ್ಲ.

ನಾನು ಸಣ್ಣವಳಿದ್ದಾಗ ತಂತಿಗಳಿಗೆ ಇಷ್ಟು ಗತ್ತು ಇರಲಿಲ್ಲ. ಟಿವಿಯ ಕೇಬಲ್ ಕಡಿದರೆ ಅಣ್ಣ ಹಲ್ಲಿನಿಂದ ಕಚ್ಚಿ ಸಿಪ್ಪೆ ಸುಲಿದು, ತಾಮ್ರದ ಕಡ್ಡಿಗಳನ್ನು ಒಂದಕ್ಕೊಂದು ಹೊಸೆದು, ಮೇಲೆ ಹಳೇ ಸೀರೆಯ ಚಿಂದಿ ಸುತ್ತಿಬಿಡುತ್ತಿದ್ದ. ಚಿತ್ರ ಬರುತ್ತಿತ್ತು. ನಡುನಡುವೆ ಅದರೊಳಗಿನವರ ಮುಖ ಉದ್ದವಾಗುತ್ತಿತ್ತು, ಅಷ್ಟೆ. ಈ ಗಾಜಿನ ಎಳೆಯ ಹತ್ತಿರ ಹಲ್ಲಿನ ಆಟ ನಡೆಯುವುದಿಲ್ಲ. ಅದನ್ನು ಹೆಚ್ಚು ಬಗ್ಗಿಸಿದರೂ ಬೆಳಕು ಒಳಗೇ ಮುನಿಸಿಕೊಳ್ಳುತ್ತದಂತೆ. ಇಂಥ ಸೂಕ್ಷ್ಮದ ವಸ್ತು ನಮ್ಮಂಥವರ ಮನೆಗೆ ಬಂದು ಬಾಳುವುದು ಸುಲಭವಲ್ಲ. ಸೊಸೆಯಂದಿರಿಗೂ ಇದೇ ಕಷ್ಟ ಎಂದು ಯಾರೋ ಉಪಮೆ ಕೊಡಲು ಹೊರಟರೆ ತಡೆಯುತ್ತೇನೆ. ನಮ್ಮ ಮನೆಯ ಸೊಸೆ, ನನ್ನ ವೈನಿ, ಗಾಜಿನವರಲ್ಲ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮೊದಲು ಮನೆಯ ನಕ್ಷೆ ಹೇಳಬೇಕು. ನಮ್ಮದು ಕಲ್ಲಿನ ಗೋಡೆಯ ಮೇಲೆ ತೊಲೆ ಜಂತಿ ಹೊದಿಸಿ ಮಣ್ಣು ಹಾಕಿದ ಮಾಳಿಗೆ ಮನೆ. ಮುಂದೆ ಪಡಸಾಲೆ, ಅಪ್ಪ ಗಾದಿ ಹಾಕಿಕೊಂಡು ಕೂರುವ ಜಾಗ. ಊರಿನ ಅರ್ಧ ಜಗಳ ಅಲ್ಲಿ ತೀರ್ಮಾನವಾಗುತ್ತದೆ, ಇನ್ನರ್ಧ ಅಲ್ಲೇ ಹುಟ್ಟುತ್ತದೆ. ಅದರ ಹಿಂದೆ ನಡುಮನೆ, ಅದಕ್ಕೂ ಹಿಂದೆ ಅಡುಗೆಮನೆ. ನಡುಮನೆಗೆ ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ತೂತು ಬಿಟ್ಟಿದ್ದಾರೆ, ಬೆಳಕಿಂಡಿ. ಮಳೆ ಬಂದರೆ ಅದರ ಮೇಲೆ ತಗಡು ಸರಿಸುವುದು, ನಿಂತರೆ ತೆಗೆಯುವುದು.

ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡು ದಿನವಿಡೀ ನಡುಮನೆಯಲ್ಲಿ ಸಂಚಾರ ಮಾಡುತ್ತಿತ್ತು. ಅದು ಬೀಸುಕಲ್ಲಿನ ಹತ್ತಿರ ಬಂದರೆ ಹೊಲಕ್ಕೆ ಬುತ್ತಿ ಹೊರಡಬೇಕೆಂದು ಅಜ್ಜಿ ಕೂಗುತ್ತಿದ್ದಳು. ನನಗೆ ಆ ತುಂಡು ವೇದಿಕೆ. ಸಾಲೆಯ ಭಾಷಣಗಳನ್ನೆಲ್ಲ ಅದರೊಳಗೆ ನಿಂತು ಬಾಯಿಪಾಠ ಮಾಡಿದೆ. ಬಿಸಿಲು ಸರಿದ ಹಾಗೆ ನಾನೂ ಸರಿಯುತ್ತಿದ್ದೆ. ಎದುರಿಗೆ ಸಭಿಕರು ಜೋಳದ ಚೀಲಗಳು. ಅವು ಒಮ್ಮೆಯೂ ಎದುರು ಪ್ರಶ್ನೆ ಹಾಕಲಿಲ್ಲ. ನನ್ನ ಆತ್ಮವಿಶ್ವಾಸ ಬೆಳೆದದ್ದು ಹಾಗೆ.

ಈಗ ಆ ಬಿಸಿಲಿನ ಹಕ್ಕುದಾರರು ಅಣ್ಣನ ಹೆಂಡತಿ, ರೇಣುಕಾ ವೈನಿ. ತವರು ತಾವರಗೇರಾ. ಗಣಿತ ಓದಿದವರು. ಹುಬ್ಬಳ್ಳಿಯ ಒಂದು ಟ್ಯೂಷನ್ ಸೆಂಟರಿನವರು ಹತ್ತನೆಯ ತರಗತಿಯ ಮಕ್ಕಳಿಗೆ ಮೊಬೈಲಿನಲ್ಲೇ ಪಾಠ ಹೇಳುವ ಕೆಲಸ ಕೊಟ್ಟರು. ಕೆಲಸ ಸಿಕ್ಕಿತು, ಸಿಗ್ನಲ್ ಸಿಗಲಿಲ್ಲ. ನಮ್ಮ ಗೋಡೆಗಳ ಒಳಗೆ ಮೊಬೈಲು ಕಲ್ಲಿನಷ್ಟೇ ಮೂಕ. ಹಾಗಾಗಿ ವೈನಿ ಸಂಜೆಯ ಬಿಸಿಲಿನಲ್ಲಿ ಮಾಳಿಗೆ ಹತ್ತಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು, ನೀರಿನ ಟ್ಯಾಂಕಿಗೆ ಒರಗಿಸಿದ ಹಲಗೆಯ ಮೇಲೆ ತ್ರಿಕೋನ ಬಿಡಿಸುತ್ತಿದ್ದರು.

"ಟೀಚರ್, ನಿಮ್ಮ ಹಿಂದ ಮಂಗ್ಯಾ ಕುಂತಾವ್ರಿ."

"ಕುಂದರ್ಲಿ. ಅವು ನಿನಗಿಂತ ಶಾಣ್ಯಾ ಅದಾವ, ಸುಮ್ನ ಕೇಳಾಕತ್ತಾವ. ನೀ ಬರಿ."

ಮಂಗಗಳು ಅಷ್ಟೇನೂ ಶ್ರದ್ಧೆಯವಲ್ಲ. ಒಂದು ದಿನ ಕೊಡೆಯನ್ನೇ ಒಯ್ದವು. ಆಗ ವೈನಿ ಅಣ್ಣನಿಗೆ ಹೇಳಿದರು, ಮನೆಗೆ ಫೈಬರ್ ಹಾಕಿಸಬೇಕು. ಅಣ್ಣ ಕುಷ್ಟಗಿಯ ಬಸ್ಸಿನಲ್ಲಿ ಕಂಡಕ್ಟರ್. ದಿನವಿಡೀ ಮಂದಿಗೆ "ಒಳಗ ಸರೀರಿ" ಎಂದು ಕೂಗುವವನು ಅಪ್ಪನ ಮುಂದೆ ತಾನೇ ಹೊರಗೆ ಸರಿಯುತ್ತಾನೆ. ಆದರೂ ಹೆಂಡತಿಯ ಮಾತನ್ನು ಹೇಗೋ ಅಪ್ಪನ ಕಿವಿಗೆ ಮುಟ್ಟಿಸಿ ಡ್ಯೂಟಿಗೆ ಹೋದ.

ಅದೇ ವಾರ ಗಂಗಾವತಿಯ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ. ವಿಷಯ, ಮನೆಮನೆಗೆ ಆಪ್ಟಿಕಲ್ ಫೈಬರ್: ಲಾಭವೋ ನಷ್ಟವೋ. ಚೀಟಿ ಎತ್ತಿದೆ, ಲಾಭ ಎಂದು ಬಂತು. ನಷ್ಟ ಎಂದು ಬಂದಿದ್ದರೆ ಅದನ್ನೂ ಅಷ್ಟೇ ಆವೇಶದಿಂದ ಹೇಳುತ್ತಿದ್ದೆ. ಚರ್ಚೆಯವರ ಆತ್ಮಸಾಕ್ಷಿ ಚೀಟಿಯ ಡಬ್ಬಿಯಲ್ಲಿರುತ್ತದೆ. ಎದುರಾಳಿ ಭತ್ತದ ಸೀಮೆಯ ಹುಡುಗ, ನಯವಾಗಿ ಮಾತಾಡುವವನು. ಮಂದಿಯ ನಿದ್ದೆ ಕೆಡುತ್ತದೆ, ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ತಿಂಗಳ ಬಿಲ್ಲು ಬೇರೆ, ಎಂದ. ನಾನು ಎದ್ದು, "ರಸ್ತೆ ಬಂದರೆ ಅಪಘಾತವಾಗುತ್ತದೆ ಎಂದು ರಸ್ತೆಯೇ ಬೇಡವೆನ್ನುತ್ತೀರಾ?" ಎಂದು ಕೇಳಿದೆ. ಚಪ್ಪಾಳೆ ಬಿತ್ತು. "ಮನೆಗೆ ಬರುವ ಲಾಭ" ಎಂದು ಎಷ್ಟು ಸಲ ಹೇಳಿದೆನೋ. ಬಹುಮಾನವಾಗಿ ಬಂದ ಸ್ಟೀಲ್ ಡಬ್ಬಿಯಲ್ಲಿ ಅವ್ವ ಶೇಂಗಾ ಚಟ್ನಿ ಹಾಕಿಟ್ಟಿದ್ದಾಳೆ.

ಅವನಾಗಲಿ ನಾನಾಗಲಿ, ಕನ್ನಡಕ ಒರೆಸುತ್ತಾ ಕೂತಿದ್ದ ತೀರ್ಪುಗಾರರಾಗಲಿ ಒಂದು ಪ್ರಶ್ನೆ ಕೇಳಲಿಲ್ಲ: ಮನೆಗೆ ಅಂದರೆ ಮನೆಯ ಯಾವ ಕೋಣೆಗೆ?

ಆ ಪ್ರಶ್ನೆ ಕೇಳಿದವನು ಮೌನೇಶ. ಯಲಬುರ್ಗಾದಿಂದ ಬಂದು ನಮ್ಮ ಕಡೆಯ ಊರುಗಳಿಗೆಲ್ಲ ಕೇಬಲ್ ಎಳೆಯುವವನು. ಹೆಸರು ಮೌನೇಶ, ಬಾಯಿ ಮಾತ್ರ ಸಂತೆ. ಹಿತ್ತಲ ಓಣಿಯ ಕಂಬದಿಂದ ತಂತಿಯನ್ನು ಮಾಳಿಗೆಗೆ ಎಳೆದುಕೊಂಡು ನಿಂತು ಕೇಳಿದ: "ಕಾಕಾ, ವಾಯಫಾಯ್ ಡಬ್ಬಿ ಎಲ್ಲಿ ಕುಂದರಸ್ಲಿ?"

"ಪಡಸಾಲ್ಯಾಗ," ಎಂದರು ಅಪ್ಪ.

"ಅಪ್ಪಾ, ಪಾಠ ಹೇಳಾಕಿ ಒಳಗದಾಳಲ್ಲ," ಎಂದೆ ನಾನು.

"ಅದಾಳ, ಯಾರ್ ಇಲ್ಲ ಅಂದ್ರು? ಮನಿಗೆ ಏನ ಬರ್ಲಿ, ಮೊದಲ ಪಡಸಾಲಿಗೆ ಬರ್ಬೇಕು. ಕರೆಂಟ್ ಬಂದಾಗ ಮೊದಲ ಲೈಟ್ ಎಲ್ಲಿ ಹತ್ತಿತು? ಇಲ್ಲೇ. ಫೋನ್ ಬಂದಾಗ ಎಲ್ಲಿಟ್ಟಿದ್ವಿ? ಇಲ್ಲೇ. ಬೀಗರು ಬಂದ್ರ ಎಲ್ಲಿ ಕುಂದರ್ತಾರ? ಅಡಗಿಮನ್ಯಾಗೇನು?"

"ವಾಯಫಾಯ್ ಬೀಗ ಅಲ್ಲಪ್ಪಾ."

"ಖರ್ಚ ಮಾಡಿ ಕರಸಿದ್ದು ಬೀಗನ ಅದು. ಇಲ್ಲಿದ್ರ ಒಳಗ ಹೋಗಂಗಿಲ್ಲೇನು ಅದರ ಗಾಳಿ?"

ಮೌನೇಶ ಗೋಡೆಗೆ ಗುದ್ದಿ ನೋಡಿದ. "ಕಾಕಾ, ಇದು ಮನಿ ಗ್ವಾಡಿ ಅಲ್ರಿ, ಕ್ವಾಟಿ ಗ್ವಾಡಿ. ಇದರಾಗ ಏನ ಹಾಯ್ತೈತಿ?"

"ನಮ್ಮಜ್ಜ ಕಟ್ಟಿಸಿದ್ದದು," ಎಂದು ಅಪ್ಪ ಮೀಸೆ ತೀಡಿದರು. ಹೊಗಳಿಕೆ ಎಂದುಕೊಂಡಿದ್ದರು.

ತಂತಿ ಮಾಳಿಗೆಯ ಮೇಲೆ ಹೀಗೆ ಹಾಯ್ದು ಹೋಯಿತು: ಹಿತ್ತಲಿನಿಂದ ಅಡುಗೆಮನೆಯ ನೆತ್ತಿ ದಾಟಿ, ಬೆಳಕಿಂಡಿಯ ಅಂಚು ಸವರಿ, ಮುಂದಿನ ಗೋಡೆಯಿಂದ ಪಡಸಾಲೆಗೆ. ಅಂದರೆ ಯಾರಿಗಾಗಿ ಬಂತೋ ಅವರ ತಲೆಯ ಮೇಲೆ ಹಾದು, ಗಾದಿಯ ಪಕ್ಕಕ್ಕೆ ಹೋಗಿ ಕೂತಿತು. ಮಂಗಗಳು ಕಡಿಯುತ್ತವೆ ಎಂದು ಅಪ್ಪ ಅದನ್ನು ಮಾಳಿಗೆಯ ಮಣ್ಣಿನೊಳಗೆ ಹೂತುಬಿಡಲು ಹೇಳಿದರು.

"ಹೂಳಬಹುದ್ರಿ," ಎಂದ ಮೌನೇಶ. "ಮಡಚಬಾರ್ದು ನೋಡ್ರಿ, ಗಾಜು ಅದು. ಮತ್ತ, ಹೂತಿದ್ದು ನೆನಪಿರ್ಬೇಕು."

"ನನ್ನ ಮಾಳಿಗಿ ನನಗ ಮರೀತೈತೇನಲೇ?"

ಲಾಭ ಆಗಲಿಲ್ಲ ಎನ್ನಲಾರೆ. ಪಡಸಾಲೆಗೆ ಎಂದೂ ಇಲ್ಲದ ಕಳೆ ಬಂತು. ಅಪ್ಪ ದಾಳಿಂಬೆಗೆ ಬರುವ ಚುಕ್ಕೆ ರೋಗದ ವಿಡಿಯೋ ನೋಡಿ ಪಕ್ಕದವರ ತೋಟಕ್ಕೆ ಹೋಗಿ ಉಪದೇಶ ಮಾಡಿ ಬಂದರು. ಅವರ ಗೆಳೆಯರು ಎಲ್ಲೆಲ್ಲಿಯ ಎತ್ತುಗಳ ಹಲ್ಲನ್ನೂ ಕೂತಲ್ಲೇ ಎಣಿಸಿದರು. ನಾನೂ ಅಲ್ಲೇ ಮೂಲೆಯಲ್ಲಿ ಕೂತು ಕೆಲಸಕ್ಕೆ ಅರ್ಜಿ ಹಾಕಿದೆ. ನಾನು ಮಗಳು, ಪಡಸಾಲೆಯಲ್ಲಿ ಕೂತರೆ "ಓದಾಕಿ" ಎನ್ನುತ್ತಾರೆ. ಸೊಸೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಚಹಾ ಇಟ್ಟು ಬರಬಹುದು, ಮಾವನ ಎದುರು ಕುರ್ಚಿ ಹಾಕಿಕೊಳ್ಳುವ ಹಾಗಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ ಇದು. ಬರೆದಿಟ್ಟಿದ್ದರೆ ಅದರಲ್ಲಿ ತಪ್ಪು ಹುಡುಕಿ ಕೆಡವಬಹುದಿತ್ತು.

ನಡುಮನೆಯಲ್ಲಿ ಸಿಗ್ನಲ್ ಬೀಳುತ್ತಿದ್ದುದು ಒಂದೇ ಕಡೆ, ಪಡಸಾಲೆಯ ಬಾಗಿಲಿನ ಹೊಸ್ತಿಲ ಬಳಿ. ಹೊಸ್ತಿಲ ಮೇಲೆ ಹೆಣ್ಣುಮಕ್ಕಳು ಕೂರಬಾರದು. ಆದ್ದರಿಂದ ವೈನಿ ಅದರ ಈಚೆ, ಅರ್ಧ ತೆರೆದ ಬಾಗಿಲಿನ ಹಿಂದೆ, ಬೋರಲು ಹಾಕಿದ ಬುಟ್ಟಿಯ ಮೇಲೆ ಮೊಬೈಲ್ ನಿಲ್ಲಿಸಿ ಪಾಠ ಶುರುಮಾಡಿದರು. ಬಾಗಿಲು ಮುಚ್ಚಿದರೆ ಪಾಠ ನಿಲ್ಲುತ್ತಿತ್ತು. ತೆರೆದಿದ್ದರೆ ಪಡಸಾಲೆ ಪಾಠದೊಳಗೆ ಬರುತ್ತಿತ್ತು.

"ಈಗ ಈ ಎರಡು ಕೋನ ಸಮ ಅದಾವ ಅಂತ ಹೆಂಗ ಹೇಳ್ತೀರಿ?" ವೈನಿ ಕೇಳುತ್ತಿದ್ದರು.

"ಎಲ್ಲಿ ಸಮ? ಹಿಂದಿನ ಕಾಲು ಕುಂಟತೈತಿ ಆ ಹೋತ!" ಪಡಸಾಲೆಯಿಂದ ಉತ್ತರ.

ಆ ಕಡೆಯಿಂದ ಒಬ್ಬ ಹುಡುಗ, "ಟೀಚರ್, ಹೋತ ಮಾರೂದೈತೇನ್ರಿ? ನಮ್ಮಪ್ಪ ಕೇಳಾಕತ್ತಾರ."

ನಾನು ನಕ್ಕೆ. ವೈನಿಯೂ ನಕ್ಕರು. ಸೆಂಟರಿನವರು ನಗಲಿಲ್ಲ. ಸಾಲೆ ಶುರುವಾಗುವುದರೊಳಗೆ ಸದ್ದಿಲ್ಲದ ಜಾಗ ನೋಡಿಕೊಳ್ಳಿ, ಆಗದಿದ್ದರೆ ಆ ತರಗತಿ ಬೇರೆಯವರಿಗೆ ಕೊಡುತ್ತೇವೆ ಎಂದರು. ವೈನಿ ಮೊಬೈಲ್ ಕೆಳಗಿಟ್ಟು, ಬೋರಲು ಬುಟ್ಟಿಯನ್ನು ನೆಟ್ಟಗೆ ಮಾಡಿ, ನನ್ನ ಕಡೆ ತಿರುಗಿದರು.

"ಸುಮಾ, ರೊಟ್ಟಿ ಎಲ್ಲಾರೂ ಬಡೀತಾರ. ನನಗಂತ ಇರೂದು ಇದೊಂದ. ಇದೂ ಹೋದ್ರ ನಾ ಈ ಮನ್ಯಾಗ ಬರೇ ಸೊಸಿ."

ನಾನು ಅಪ್ಪನ ಹತ್ತಿರ ವಾದ ಮಾಡಿದೆ. ಸಂಜೆ ಮಾಡಿದೆ, ಊಟಕ್ಕೆ ಕೂತಾಗ ಮಾಡಿದೆ, ಅವರು ಮೀಸೆ ಕತ್ತರಿಸಿಕೊಳ್ಳುತ್ತಿರುವಾಗ ಮಾತಾಡಲಾರರು ಎಂದು ಆಗಲೂ ಮಾಡಿದೆ. ಕತ್ತರಿ ಕೆಳಗಿಟ್ಟು ಅಪ್ಪ, "ಗಂಗಾವತ್ಯಾಗ ಡಬ್ಬಿ ಕೊಡ್ತಾರವಾ, ಇಲ್ಲಿ ಯಾರೂ ಕೊಡಂಗಿಲ್ಲ. ಸುಮ್ಕಿರು," ಎಂದರು.

ಹೀಗಿರುವಾಗ ಮಳೆಗಾಲ ಹತ್ತಿರ ಬಂತು. ಮಣ್ಣಿನ ಮಾಳಿಗೆಯವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಮಳೆಗೆ ಮುಂಚೆ ಮೇಲಿನ ಹುಲ್ಲು ಕಿತ್ತು, ಹಳೇ ಮಣ್ಣು ಕೆದರಿ, ಹೊಸದಾಗಿ ಸವಳು ಮಣ್ಣು ಹರವಬೇಕು. ಸವಳು ನೀರು ಕುಡಿಯುವುದಿಲ್ಲ, ಮನೆ ಸೋರುವುದಿಲ್ಲ. ಕೂಲಿಯವರು ಮಾಡಿದರೆ ಅಪ್ಪನಿಗೆ ಸಮಾಧಾನವಿಲ್ಲ. ಬೆಳಕಿಂಡಿಯ ಸುತ್ತಲಿನ ಏರಿಯನ್ನಂತೂ ತಾವೇ ಕಟ್ಟಬೇಕು. ಧೋತರ ಮೇಲೆ ಕಟ್ಟಿ, ಸಲಿಕೆ ಹಿಡಿದು ಬೆಳಗ್ಗೆಯೇ ಹತ್ತಿದರು.

ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಯಾರೋ ಕೂಗಿದರು, "ನೆಟ್ ಹೋತು." ಅಪ್ಪ ಸಲಿಕೆ ಒಂದು ಕೈಯಲ್ಲಿ, ಮೊಬೈಲ್ ಇನ್ನೊಂದರಲ್ಲಿ ಹಿಡಿದು, ಮಾಳಿಗೆಯ ಮೇಲೆ ನಿಂತೇ ಕಂಪನಿಗೆ ಫೋನ್ ಹಚ್ಚಿದರು. "ರೊಕ್ಕಾ ತಗೊಳ್ಳಾಕ ಬರ್ತೈತಿ, ಲೈನ್ ನೋಡಾಕ ಬರಂಗಿಲ್ಲೇನು?" ಎಂದು ಅವರು ಗದರಿಸುತ್ತಿದ್ದಾಗ ಕಡಿದ ತಂತಿಯ ತುದಿ ಅವರ ಕಾಲಿನ ಬಳಿಯೇ ಮಣ್ಣಿನಿಂದ ತಲೆ ಎತ್ತಿ ಕೇಳುತ್ತಿತ್ತು.

ಆ ಸಂಜೆ ವೈನಿ ಮತ್ತೆ ಮಾಳಿಗೆಗೆ ಹೋದರು. ಗಾಳಿ ಎದ್ದು ಹಲಗೆ ಹಾರಿತು. ಪಾಠ ಅರ್ಧಕ್ಕೆ ನಿಂತಿತು.

ಮರುದಿನ ಬಂದ ಮೌನೇಶ ಮಣ್ಣು ಕೆದಕಿ ತುದಿ ಹುಡುಕಿದ. "ಕಾಕಾ, ಕಂಪನ್ಯಾವ್ರು ಏನೂ ಮಾಡಿಲ್ರಿ. ಈ ಸಲಿಕಿ ಯಾರ್ದು?"

ಅಪ್ಪ ಆಕಾಶ ನೋಡಿದರು. "ಮಳಿ ಬರಂಗ ಐತಿ."

"ಬರ್ಲಿ, ಅದಕ್ಕೇನು. ಇಲ್ಲಿ ಜೋಡಿಸಿ ಮತ್ತ ಮಣ್ಣಾಗ ಹೂತ್ರ ನೀರು ಹೊಕ್ಕು ಕೆಡತೈತಿ. ಪಡಸಾಲಿ ತನಕ ಹೊಸಾ ವಾಯರ್ ಎಳೀಬೇಕು. ಇಲ್ಲಾ ಅಂದ್ರ, ಕಡದದ್ದು ಬೆಳಕಿಂಡಿ ಬಾಜೂಕ ಐತಿ. ಇಲ್ಲೇ ಕೆಳಗ ಇಳಸಿಬಿಡ್ಲೇನು?"

ನಾನು ಇದಕ್ಕೇ ಕಾದಿದ್ದೆ. ಮಣ್ಣಿನ ಗುಂಪೆಯ ಮೇಲೆ ನಿಂತು ಮೊದಲನೆಯದಾಗಿ ಎಂದು ಶುರುಮಾಡಿದೆ. ಗೋಡೆಯ ದಪ್ಪ, ತಂತಿಯ ಉದ್ದ, ವೈನಿಯ ಕೆಲಸ ಎಲ್ಲವನ್ನೂ ಪೋಣಿಸಿದೆ. ಎರಡನೆಯದಾಗಿ ಎನ್ನುವಷ್ಟರಲ್ಲಿ ಅಪ್ಪ, "ಬಾಜೂ ಸರಿಯವಾ, ಮಣ್ಣು ಹರವಬೇಕು," ಎಂದರು. ಮೌನೇಶನ ಕಡೆ ತಿರುಗಿ, "ಪಡಸಾಲಿಗೇ ಎಳಿ," ಎಂದರು.

ಆಗ ಕಾಲ ಕೆಳಗಿನಿಂದ ದನಿ ಬಂತು.

"ಮೌನೇಶಣ್ಣ, ತಡೀರಿ. ಇಲ್ಲಿ ಇಳಸ್ರಿ."

"ಯಾರದು ಮಾತಾಡಿದ್ದು?" ಎಂದರು ಅಪ್ಪ. ಯಾರೆಂದು ಗೊತ್ತಿಲ್ಲದೆ ಅಲ್ಲ. ಆ ದನಿ ತಮ್ಮ ಮಾತಿಗೆ ಅಡ್ಡವಾಗಿ ಇಷ್ಟು ಗಟ್ಟಿಯಾಗಿ ಎಂದೂ ಬಂದಿರಲಿಲ್ಲ.

"ನಾನ್ರೀ ಮಾವಾರ, ರೇಣುಕಾ. ಪಡಸಾಲಿಗೆ ಹಾಕಸ್ತೀರಿ ಅಂದ್ರ ಹಾಕಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಾಳಿಂದ ಸಂಜಿಕ ನಾ ಅಲ್ಲೇ ಬಂದು ಕುಂದರ್ತೀನಿ. ನಿಮ್ಮ ಗಾದಿ ಬಾಜೂಕ, ಕುರ್ಚಿ ಹಾಕ್ಕೊಂಡು. ಹಲಗಿ ಅಲ್ಲೇ ಗ್ವಾಡಿಗೆ ಬಡಿತೀನಿ. ಬಂದ ಹಿರ್‍ಯಾರಿಗೆ ಸುಮ್ಕಿರ್ರಿ, ಪಾಠ ನಡದೈತಿ ಅಂತ ನಾನ ಹೇಳ್ತೀನಿ. ಅದು ಬ್ಯಾಡ ಅಂದ್ರ ವಾಯರ್ ಇಲ್ಲಿ ಇಳಸ್ರಿ. ಎರಡ್ರಾಗ ಯಾವುದು ಅಂತ ನೀವ ಹೇಳ್ರಿ."

ಇಷ್ಟು ವರ್ಷ ನಾನು ಕಲಿತ ವಾದವಿದ್ಯೆ ಆ ಕ್ಷಣ ಸವಳು ಮಣ್ಣಿನ ಗುಂಪೆಯ ಮೇಲೆ ತೆಪ್ಪಗೆ ಕೂತಿತು. ನಾನು ಅಪ್ಪನಿಗೆ ಹೌದು ಅನ್ನಿಸಲು ಹೊರಟಿದ್ದೆ. ವೈನಿ ಅವರಿಗೆ ಇಲ್ಲ ಎನ್ನುವ ದಾರಿಯನ್ನೇ ಬಿಟ್ಟಿರಲಿಲ್ಲ. ಬೆಳಕಿಂಡಿಗೆ ಬಾಗಿ ನೋಡಿದೆ. ನನ್ನ ಹಳೇ ವೇದಿಕೆಯ ಮೇಲೆ, ಬಿಸಿಲಿನ ತುಂಡಿನ ನಟ್ಟನಡುವೆ, ಮುಖ ಮೇಲೆತ್ತಿ ನಿಂತಿದ್ದರು. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಂದಿತ್ತು. ಎಳೆದುಕೊಳ್ಳಲಿಲ್ಲ. ಪಕ್ಕದಲ್ಲಿ ಹಿಟ್ಟಿನ ಕೈಯ ಅವ್ವ.

ಮೌನೇಶನೂ ಹೆಸರಿಗೆ ತಕ್ಕ ಹಾಗೆ ಇದ್ದ. ಮಾತಾಡಿದ್ದು ಅವ್ವ. "ಲಗೂನ ಹೇಳ್ರಿ. ನನ್ನ ರೊಟ್ಟಿ ಹಂಚು ಕಾಯಾಕತ್ತೈತಿ."

ಅಪ್ಪ ಸಲಿಕೆಯನ್ನು ಮಣ್ಣಿಗೆ ಚುಚ್ಚಿದರು. ಬೆಳಕಿಂಡಿಗೆ ಅರ್ಧ ಮುಚ್ಚಿದ್ದ ತಗಡನ್ನು ಕಾಲಿನಿಂದ ಪೂರ್ತಿ ಆಚೆ ಸರಿಸಿದರು. "ಇಳಸಲೇ," ಎಂದರು. ಅವನು ತಂತಿ ಇಳಿಬಿಡತೊಡಗಿದಾಗ, ತಾವು ಸೋತಿಲ್ಲ ಎಂದು ತೋರಿಸಲಿಕ್ಕೋ ಏನೋ, "ಮಡಚಬ್ಯಾಡ, ಗಾಜು ಅದು," ಎಂದು ಗದರಿಸಿದರು.

ಇದನ್ನು ಓದಿ ಕೊನೆಗೆ ಎಲ್ಲ ಒಳ್ಳೆಯದಾಯಿತಲ್ಲ ಎಂದು ನೀವು ಪುಸ್ತಕ ಮುಚ್ಚಿಟ್ಟರೆ ನಾನು ಒಪ್ಪುವುದಿಲ್ಲ. ಅಪ್ಪನ ಮನಸ್ಸು ಕರಗಿತು ಎಂದು ನಾನೆಲ್ಲೂ ಹೇಳಿಲ್ಲ. ಎರಡು ನಷ್ಟಗಳಲ್ಲಿ ಸಣ್ಣದನ್ನು ಆರಿಸಿಕೊಂಡರು, ಅಷ್ಟೆ. "ಸೊಸಿ ಬಾಯಿ ಬೆಳೀತು" ಎಂದು ಓಣಿಯಲ್ಲಿ ಅಂದವರಿದ್ದಾರೆ. ಆ ಮಾತು ವೈನಿ ತೆತ್ತ ಬೆಲೆ, ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಇನ್ನು ಫೈಬರ್ ಬಂದರೆ ಹೆಣ್ಣುಮಕ್ಕಳ ಬಾಳು ಬೆಳಗುತ್ತದೆ ಎಂದು ವೇದಿಕೆಯ ಮೇಲೆ ಯಾರಾದರೂ ಹೇಳಿದರೆ ಮುಂದಿನ ಸಾಲಿನಿಂದ ಎದ್ದು ನಿಲ್ಲುತ್ತೇನೆ. ತಂತಿಗೆ ಅಂಥ ಗುಣ ಯಾವುದೂ ಇಲ್ಲ. ಅದು ಬಿಟ್ಟಲ್ಲಿ ಬಿದ್ದಿರುತ್ತದೆ. ಅದನ್ನು ಎಲ್ಲಿಗೆ ಇಳಿಸಬೇಕು ಎಂದು ಗಟ್ಟಿಯಾಗಿ ಹೇಳಿದವರದು ಲಾಭ, ಹೇಳದೆ ಉಳಿದವರದು ಖರ್ಚು. ಚೀಟಿಯಲ್ಲಿ ಏನೇ ಬರಲಿ, ಇನ್ನು ಮೇಲೆ ನನ್ನ ವಾದ ಇದೇ.

ಬೆಳಕಿಂಡಿಯಿಂದ ಪಡಸಾಲೆಯವರೆಗೆ ಮಣ್ಣಿನಲ್ಲಿ ಸತ್ತು ಮಲಗಿದ್ದ ತುಂಡನ್ನು ವೈನಿಯೇ ಕಿತ್ತು, ತೊಳೆದು, ಹಿತ್ತಲಲ್ಲಿ ಬಿಗಿದರು. ಅದರ ಮೇಲೆ ಮೊದಲು ಒಣಗಿದ್ದು ಸವಳು ಮಣ್ಣು ಮೆತ್ತಿದ್ದ ಅಪ್ಪನ ಧೋತರ.

ಈಗ ಸಿಗ್ನಲ್ ಹೊಸ್ತಿಲ ಆಚೆ ಹಾಯುವುದಿಲ್ಲ, ಮುತ್ತಜ್ಜನ ಗೋಡೆ ಬಿಡಬೇಕಲ್ಲ. ಪಡಸಾಲೆಯವರು ಮತ್ತೆ ಹಳೇ ಜಗಳಗಳಿಗೆ ಮರಳಿದ್ದಾರೆ. ಎತ್ತಿನ ವಿಡಿಯೋ ನೋಡಬೇಕೆನಿಸಿದ ಸಂಜೆ ಅಪ್ಪ ಮೊಬೈಲ್ ಹಿಡಿದು ನಡುಮನೆಯ ಬಾಗಿಲಿಗೆ ಬರುತ್ತಾರೆ. ಹೊಸ್ತಿಲ ಆಚೆಯೇ ನಿಂತು ಒಮ್ಮೆ ಕೆಮ್ಮುತ್ತಾರೆ.

"ಯವ್ವಾ, ರೇಣವ್ವಾ, ಒಳಗ ಬರ್ಲೇನು?"

ಒಳಗೆ ವೈನಿ ಹಲಗೆಯಿಂದ ಕಣ್ಣು ತೆಗೆಯುವುದಿಲ್ಲ.

"ತಡೀರಿ ಮಾವಾರ. ಇವರಿಗೊಂದು ಪ್ರಮೇಯ ಮುಗಸ್ತೀನಿ."

ಅಪ್ಪ ತಡೆಯುತ್ತಾರೆ.